ಅಳಿಯ ಅಂಟಿಸಿದ ಕೊಕ್ಕೆ

ತೈಚುಂಗ್ ಊರಿನ ಸೈಕಲ್ ಕಾರ್ಖಾನೆಯಲ್ಲಿ ಲೋಹಕ್ಕೆ ಪ್ಲಾಸ್ಟಿಕ್ ಅಂಟಿಸುವ ವಿಭಾಗಕ್ಕೆ ಪೋಹಾನನೇ ಮುಖ್ಯಸ್ಥ. ಆದರೆ ಮನೆಯಲ್ಲಿ ಅವನು ಅಂಟಿಸಿದ್ದು ವಾರ ನಿಂತ ಇತಿಹಾಸವಿರಲಿಲ್ಲ. ಹೋದ ಹೊಸವರ್ಷಕ್ಕೆ ಬಂದಿದ್ದ ಅತ್ತೆ, ಸ್ನಾನದ ಮನೆಯ ಅಲ್ಯೂಮಿನಿಯಂ ಬಾಗಿಲಿನ ಕೊಕ್ಕೆಗೆ ಟವಲ್ ಹಾಕಿದ್ದೇ ತಡ, ಎರಡೂ ಬಕೆಟ್ಟಿಗೆ ಬಿದ್ದಿದ್ದವು. "ಅಳಿಯಂದ್ರು ಕಾರ್ಖಾನೇಲಿ ಬೇರೇನೋ ಕೆಲಸ ಮಾಡ್ತಿರ್ಬೇಕು" ಎಂದು ಅವರು ಮಗಳ ಕಿವಿಯಲ್ಲಿ (ಇಡೀ ಮಹಡಿಗೆ ಕೇಳುವಂತೆ) ಪಿಸುಗುಟ್ಟಿದ್ದರು.

ಈಗ ಅತ್ತೆ ಮತ್ತೆ ಬರುವವರಿದ್ದರು. ಪೋಹಾನ್ ಮಾನ ಉಳಿಸಿಕೊಳ್ಳಲು ಟೊಂಕ ಕಟ್ಟಿ ನಿಂತ. ಹೊಸ ಪ್ಲಾಸ್ಟಿಕ್ ಕೊಕ್ಕೆಯನ್ನು ಸೋಪಿನಲ್ಲಿ ತೊಳೆದ, ಸ್ಪಿರಿಟ್ಟಿನಲ್ಲಿ ಒರೆಸಿದ, ಉಪ್ಪುಕಾಗದದಲ್ಲಿ ಉಜ್ಜಿ ತರಿತರಿ ಮಾಡಿದ, ಮತ್ತೆ ಒರೆಸಿದ. ಬಾಗಿಲಿಗೂ ಅದೇ ಅಭ್ಯಂಜನ.

"ರೀ, ಅದು ಕೊಕ್ಕೆ. ಮದುಮಗಳಲ್ಲ" ಎನ್ನುತ್ತ ಹೆಂಡತಿ ಯೂಛಿನ್ ಅದನ್ನು ಎತ್ತಿಕೊಂಡಳು.

"ಅಯ್ಯೋ, ಮುಟ್ಟಿಬಿಟ್ಯಾ! ಕೈ ಜಿಡ್ಡು!"

"ನನ್ನ ಕೈ ಜಿಡ್ಡಾ? ಹಾಗಾದ್ರೆ ಈ ಕೈಲಿ ಮಾಡಿದ ಅಡುಗೆ ನಿಮಗ್ಯಾಕೆ?"

ಪೋಹಾನ್ ಬೀದಿ ಮೂಲೆಯಲ್ಲಿ ನೂಡಲ್ಸ್ ತಿಂದು ಬಂದು, ಮೊದಲಿನಿಂದ ಒರೆಸಿದ. ಆಮೇಲೆ ಕೊಕ್ಕೆಯ ಬೆನ್ನಿಗೆ ಗ್ಯಾಸ್ ಟಾರ್ಚಿನ ನೀಲಿ ಜ್ವಾಲೆಯನ್ನು ಸರ್ರನೆ ಸೋಕಿಸಿದ.

"ಈ ಪ್ಲಾಸ್ಟಿಕ್ ಮಹಾ ಮೊಂಡು. ಸ್ವಲ್ಪ ಬಿಸಿ ಮುಟ್ಟಿಸಿದ್ರೇನೇ ದಾರಿಗೆ ಬರೋದು."

"ಥೇಟ್ ನಿಮ್ಮ ಹಾಗೇ."

ಅವನು ಒಂದು ಹನಿ ನೀರು ಬಿಟ್ಟ. ಅದು ಮುತ್ತಿನಂತೆ ಉರುಳದೆ ತೆಳ್ಳಗೆ ಹರಡಿಕೊಂಡಿತು. "ನೋಡಿದ್ಯಾ? ಇನ್ನು ಅಂಟೂ ಹೀಗೇ ಹಬ್ಬಿ ಹಿಡ್ಕೊಳ್ಳುತ್ತೆ!" ಒರೆಸಿ, ಒಣಗಿಸಿ, ಅಂಟು ಬಳಿದು, ಬಾಗಿಲಿಗೆ ಒತ್ತಿ, ಒಂದು ದಿನ ಪೂರ್ತಿ ಪಟ್ಟಿ ಬಿಗಿದಿಟ್ಟ.

ಅತ್ತೆ ಬಂದರು. ಕೊಕ್ಕೆ ಅಲುಗಲಿಲ್ಲ, ನಿಜ. ಆದರೆ ಅವನು ಅದನ್ನು ತಾನು ಕೈ ಎತ್ತಿದರೆ ಸಿಗುವ ಎತ್ತರಕ್ಕೆ ಅಂಟಿಸಿದ್ದ. ಅತ್ತೆಯ ತಲೆ ಇದ್ದದ್ದು ಅವನ ಎದೆಯ ಮಟ್ಟಕ್ಕೆ.

"ಅಳಿಯಂದ್ರೇ, ಟವಲ್ಲು!"

ಊಟದ ಮಧ್ಯೆ, ಬೇಸ್‌ಬಾಲ್ ಪಂದ್ಯದ ಮಧ್ಯೆ ಅದೇ ಕೂಗು. ಕೊನೆಗೆ ಕೊಕ್ಕೆಯನ್ನು ಕಿತ್ತು ಕೆಳಗೆ ಹಾಕುವುದೆಂದು ಪೋಹಾನ್ ತೀರ್ಮಾನಿಸಿದ. ಎಳೆದ. ಜಗ್ಗಿದ. ಚೌಕಟ್ಟಿಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದ. ಫಟ್ಟೆಂದು ಸದ್ದಾಯಿತು. ಕಿತ್ತು ಬಂದದ್ದು ಬಾಗಿಲು. ಅದನ್ನು ತಬ್ಬಿಕೊಂಡು ಅವನು ನೆಲಕ್ಕೆ ಬಿದ್ದಿದ್ದ. ಕೊಕ್ಕೆ ಇದ್ದಲ್ಲೇ ಇತ್ತು.

ಅತ್ತೆ ಬಗ್ಗಿ, ಬಾಗಿಲಿನ ಅಡಿಗೆ ಕೈ ತೂರಿಸಿ ಕೊಕ್ಕೆಯನ್ನು ಅಲ್ಲಾಡಿಸಿ ನೋಡಿದರು. "ಒಪ್ಕೊಂಡೆ, ಅಳಿಯಂದ್ರೇ. ಅಂಟಿಸೋದ್ರಲ್ಲಿ ನಿಮ್ಮನ್ನ ಬಿಟ್ರೆ ಇನ್ನೊಬ್ರಿಲ್ಲ. ಈಗ ಬಾಗಿಲನ್ನೂ ಅಂಟಿಸಿಬಿಡಿ, ನಾನು ಸ್ನಾನಕ್ಕೆ ಹೋಗ್ಬೇಕು."

"ಅಂಟು ಒಣಗೋಕೆ ಒಂದು ದಿನ ಬೇಕು, ಅತ್ತೆ" ಎಂದ ಪೋಹಾನ್, ಬಾಗಿಲಿನ ಅಡಿಯಿಂದ.

"ಅದಕ್ಕೇನಂತೆ?" ಎಂದಳು ಯೂಛಿನ್. "ಅಲ್ಲೀವರೆಗೆ ನೀವೇ ಹಿಡ್ಕೊಂಡು ನಿಂತ್ಕೊಳ್ಳಿ. ಮುಖ ಮಾತ್ರ ಈ ಕಡೆಗಿರ್ಲಿ!"