ಹವಾಲ್ದಾರನ ಹಿಮ್ಮಡಿ

ನಮ್ಮ ಮನೆಯಲ್ಲಿ ಯಾರಿಗೆ ಏನು ನೋವಾದರೂ ಮೊದಲು ನನ್ನ ಮುಖ ನೋಡುತ್ತಾರೆ. ಔಷಧಿ ಕೊಡಲಿ ಎಂದಲ್ಲ, ನನಗೆ ಗೊತ್ತಾಗಿಬಿಟ್ಟಿತೇನೋ ಎಂಬ ಭಯಕ್ಕೆ. ನಮ್ಮ ಯಜಮಾನರು ಸೀನು ಬಂದರೆ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ ಸೀನುತ್ತಾರೆ. ಏಳು ವರ್ಷದ ಮಗಳು ಚುಕ್ಕಿ ಮೊಣಕಾಲು ತರಚಿಕೊಂಡ ದಿನ ಎಂಥ ಸೆಕೆಯಲ್ಲೂ ಉದ್ದ ಪ್ಯಾಂಟು ತೊಟ್ಟು ಓಡಾಡುತ್ತಾಳೆ. ಅತ್ತೆಯವರ ಮಂಡಿನೋವಿನ ಸಮಾಚಾರ ಪಕ್ಕದ ಮನೆಯವರಿಗೆ ಗೊತ್ತು, ಹಾಲು ಹಾಕುವವನಿಗೆ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ. ಇಂಥ ಮನೆಗೆ, ಏನನ್ನೂ ನನ್ನಿಂದ ಮುಚ್ಚಿಡಲು ಬಾರದ ಒಂದೇ ಒಂದು ಜೀವ ಬಂತು. ಅದು ಮೊಲ.

ಮೊಲ ನಮ್ಮದಲ್ಲ, ಚುಕ್ಕಿಯ ತರಗತಿಯದು. ರಜೆ ಬಂದಾಗಲೆಲ್ಲ ಒಬ್ಬೊಬ್ಬ ಮಗುವಿನ ಮನೆಯವರು ಅದನ್ನು ಸರದಿಯ ಮೇಲೆ ಇಟ್ಟುಕೊಳ್ಳಬೇಕು. ಚುಕ್ಕಿ ಈ ಸರದಿಗಾಗಿ ಎರಡು ವರ್ಷ ಕಾದಿದ್ದಳು. ಬಾಗಿಲಲ್ಲಿ ಗಂಟೆ ಬಾರಿಸಿದರೂ, ಪಾತ್ರೆ ಬಿದ್ದರೂ, ಯಾರಾದರೂ ಜೋರಾಗಿ ಆಕಳಿಸಿದರೂ ಅದು ಹಿಂಗಾಲನ್ನು ನೆಲಕ್ಕೆ ‘ಧಪ್’ ಎಂದು ಅಪ್ಪಳಿಸಿ ಎಚ್ಚರಿಕೆ ಕೊಡುವುದರಿಂದ ಮಕ್ಕಳು ಹವಾಲ್ದಾರ ಎಂದು ಹೆಸರಿಟ್ಟಿದ್ದರು. ಮೊಲದ ಜೊತೆ ಒಂದು ದಿನಚರಿ ಪುಸ್ತಕವೂ ಬಂತು. ಯಾರೂ ಹಾಳೆ ಹರಿಯದಿರಲೆಂದು ಟೀಚರ್ ಸ್ವತಃ ಪುಟಸಂಖ್ಯೆ ಹಾಕಿದ್ದ ಪುಸ್ತಕ. ಹಿಂದಿನವರು ಬರೆದದ್ದನ್ನು ಓದಿ ನನಗೆ ಕರುಳು ಚುರ್ ಎಂದಿತು. ‘ತಿಂದಿತು. ಮಲಗಿತು. ಚೆನ್ನಾಗಿದೆ.’ ಮರುದಿನವೂ ಅದೇ. ಒಬ್ಬ ಮಹರಾಯರಂತೂ ಹತ್ತು ದಿನಕ್ಕೆ ಸೇರಿಸಿ ಒಂದು ಉದ್ದ ಗೆರೆ ಎಳೆದು ‘ಹಾಗೇ ಇದೆ’ ಎಂದು ಮುಗಿಸಿದ್ದರು. ಒಂದು ಜೀವದ ಹತ್ತು ದಿನ, ಒಂದು ಗೆರೆಯಲ್ಲಿ!

ನಾನು ಮೊದಲ ದಿನವೇ ಮೂರು ಪುಟ ಬರೆದೆ.

“ಇದನ್ನ ಓದೋರು ಯಾರು?” ಎಂದರು ಇವರು. ಇವರದು ಕನ್ನಡಕದ ಅಂಗಡಿ. ದಿನವಿಡೀ ಸಣ್ಣ ಅಕ್ಷರ ಓದಿಸುವುದೇ ಕೆಲಸ. ಮನೆಯಲ್ಲಿ ದಪ್ಪ ಅಕ್ಷರವನ್ನೂ ಓದುವುದಿಲ್ಲ.

“ಜವಾಬ್ದಾರಿ ಇರೋರು ಓದ್ತಾರೆ.”

“ಹಾಗಾದ್ರೆ ನಾನು ಬಚಾವು.”

ಮೂರನೆಯ ವಾರ, ಶನಿವಾರ ಮಧ್ಯಾಹ್ನ, ಬಾಗಿಲ ಗಂಟೆ ಸದ್ದು ಮಾಡಿತು. ಹವಾಲ್ದಾರ ಕಾಲೆತ್ತಿದ. ಆದರೆ ಅಪ್ಪಳಿಸಲಿಲ್ಲ. ಗಾಳಿಯಲ್ಲಿ ಒಂದು ಕ್ಷಣ ಹಿಡಿದು, ಬಿಸಿ ನೀರಿಗೆ ಪಾದ ಇಳಿಸುವವರಂತೆ ಮೆಲ್ಲಗೆ ಕೆಳಗಿಟ್ಟ. ನಾನು ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟೆ. ಬಾಗಿಲಲ್ಲಿದ್ದವರು ಯಾರು ಎಂಬುದು ಇವತ್ತಿಗೂ ನಮಗೆ ಗೊತ್ತಿಲ್ಲ.

ಅತ್ತೆಯವರ ಮಡಿಲಲ್ಲಿ ಮೊಲವನ್ನು ಒರಗಿಸಿ, ಇವರ ಭೂತಗನ್ನಡಿ ಹಿಡಿದು ನೋಡಿದೆ. ಎರಡೂ ಹಿಂಗಾಲಿನ ಹಿಮ್ಮಡಿಯಲ್ಲಿ ಕೂದಲಿಲ್ಲ. ಅಂಗಿಯ ಗುಂಡಿಯಷ್ಟಗಲ ಚರ್ಮ ಕೆಂಪಗೆ, ನುಣ್ಣಗೆ ಮಿರುಗುತ್ತಿತ್ತು. ಎಡಗಾಲಿನದು ಸ್ವಲ್ಪ ಸಿಪ್ಪೆಯೆದ್ದಿತ್ತು. ಮುಟ್ಟಿದರೆ ಕಾಲೆಳೆದುಕೊಂಡ.

“ಇನ್ನು ಒಂಬತ್ತು ದಿನಕ್ಕೆ ಸ್ಕೂಲು!” ಎಂದಳು ಚುಕ್ಕಿ, ಅಳುಮುಖ ಮಾಡಿ. “ಎಲ್ಲಾರೂ ಹವಾಲ್ದಾರನಿಗೆ ಧಪ್ ಅನ್ನು ಅಂತಾರೆ. ಅವನು ಅನ್ನಲ್ಲ. ಆಮೇಲೆ ಇನ್ಯಾವತ್ತೂ ನಮಗೆ ಕೊಡಲ್ಲ.”

ಅಷ್ಟು ಸಾಕಿತ್ತು ನನಗೆ. ಒಂದು ಕಡೆ ಮೂಕಪ್ರಾಣಿಯ ನೋವು, ಇನ್ನೊಂದು ಕಡೆ ಮಗಳ ಮಾನ, ನಡುವೆ ಮೂವತ್ತು ಜನ ತಾಯಂದಿರು ‘ಅಯ್ಯೋ, ಇವರ ಮನೇಲಿ ಹೀಗಾಯ್ತಂತೆ’ ಎನ್ನುವ ದೃಶ್ಯ. ಪ್ರಾಣಿಗಳ ಡಾಕ್ಟರಮ್ಮನಿಗೆ ಫೋನು ಮಾಡಿದರೆ ಊರಲ್ಲಿಲ್ಲ, ಬುಧವಾರ ಬರುತ್ತಾರೆ ಎಂದರು. ಅಲ್ಲಿಯವರೆಗೆ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಕಾರಣ ಏನು? ಈ ಮನೆಯಲ್ಲಿ ಯಾರೋ ಏನೋ ಮಾಡಿದ್ದಾರೆ. ತನಿಖೆ ಆರಂಭಿಸಿದೆ.

ಮೊದಲ ಆರೋಪಿ ಇವರು. ಹಜಾರದ ನೆಲಕ್ಕೆ ತಿಂಗಳಿಗೊಮ್ಮೆ ಮೇಣ ತಿಕ್ಕಿ, ಅದರಲ್ಲಿ ಮುಖ ನೋಡಿಕೊಂಡು ಸಂತೋಷಪಡುವ ಚಾಳಿ ಇವರಿಗೆ. ಮೊಲ ಅಲ್ಲಿ ಜಾರಿ ಜಾರಿ ಹಿಮ್ಮಡಿ ಉಜ್ಜಿಕೊಂಡಿರಬಹುದಲ್ಲವೇ? ಪ್ರಯೋಗವಿಲ್ಲದೆ ಯಾರನ್ನೂ ಶಿಕ್ಷಿಸಬಾರದು. ಇವರನ್ನು ಬರಿಗಾಲಲ್ಲಿ ಅರ್ಧ ಗಂಟೆ ಹಜಾರದ ಸುತ್ತ ನಡೆಸಿ, ಆಮೇಲೆ ಕುರ್ಚಿಯ ಮೇಲೆ ಕೂರಿಸಿ, ಇವರದೇ ಭೂತಗನ್ನಡಿಯಿಂದ ಇವರ ಹಿಮ್ಮಡಿ ಪರೀಕ್ಷಿಸಿದೆ.

“ಏನ್ ಕಾಣ್ತಿದೆ?” ಎಂದರು.

“ಹಳೇ ಬಿರುಕು ಮಾತ್ರ.”

“ಅದಕ್ಕೇನು ಕಾರಣ ಅಂತಾನೂ ಒಂದು ತನಿಖೆ ಮಾಡೇ. ಮದುವೆಗೆ ಮುಂಚೆ ಇರ್ಲಿಲ್ಲ.”

ಎರಡನೆಯ ಆರೋಪಿ ಅತ್ತೆ. ಸಾಕ್ಷ್ಯ ತೂಕದಲ್ಲಿತ್ತು. ನಮ್ಮ ಮನೆಗೆ ಕಳಿಸುವಾಗ ದಿನಚರಿಯಲ್ಲಿ ಟೀಚರ್ ಬರೆದಿದ್ದ ತೂಕ ಒಂದು ಕಿಲೋ ಒಂಬೈನೂರು ಗ್ರಾಂ. ಈಗ ಅಡಿಗೆಮನೆಯ ತಕ್ಕಡಿಯಲ್ಲಿ ಬುಟ್ಟಿಯಿಟ್ಟು ತೂಗಿದರೆ ಎರಡು ಕಿಲೋ ಮುನ್ನೂರು!

“ಅತ್ತೆ, ನೀವು ಇದಕ್ಕೆ ಏನು ಕೊಡ್ತಿದ್ದೀರಿ?”

“ನಾನೇನು ಕೊಡ್ಲಿ? ಬಾಳೆಹಣ್ಣು ತಿನ್ನುವಾಗ ಬಂದು ಕೂರುತ್ತೆ. ಎದುರಿಗೆ ಕೂತವರನ್ನ ಬಿಟ್ಟು ತಿನ್ನೋದು ನನಗೆ ಬರಲ್ಲಮ್ಮ.”

“ದಿನಕ್ಕೆ ಎಷ್ಟು?”

“ಅದಕ್ಕೆ ಒಂದು, ನನಗೆ ಒಂದು.” ಸ್ವಲ್ಪ ತಡೆದು, “ನನಗೆ ಅರ್ಧ,” ಎಂದರು.

ಭಾರ ಹೆಚ್ಚಿದರೆ ಹಿಮ್ಮಡಿಗೆ ಕಷ್ಟವೇ, ಒಪ್ಪಿದೆ. ಆದರೆ ಬಾಳೆಹಣ್ಣಿಗೆ ಕೂದಲುದುರಿಸುವ ಶಕ್ತಿಯಿದೆಯೇ? ನನಗೆ ತೃಪ್ತಿಯಾಗಲಿಲ್ಲ. ಹವಾಲ್ದಾರ ಎಲ್ಲಿ ಹೆಚ್ಚು ಹೊತ್ತು ಕೂರುತ್ತಾನೆ ಎಂದು ತಿಳಿಯಬೇಕಲ್ಲ? ಭಾನುವಾರ ಮನೆಯ ನೆಲಕ್ಕೆಲ್ಲ ತೆಳ್ಳಗೆ ಹಿಟ್ಟು ಉದುರಿಸಿದೆ, ಹೆಜ್ಜೆ ಗುರುತು ಬೀಳಲಿ ಎಂದು. ಹವಾಲ್ದಾರ ಒಂದು ಹೆಜ್ಜೆಯನ್ನೂ ಇಡದೆ ಗೂಡಿನಲ್ಲೇ ಕುಳಿತು ನನ್ನ ಸಂಶೋಧನೆಯನ್ನು ವೀಕ್ಷಿಸಿದ. ಕೊನೆಗೆ ಸಿಕ್ಕಿದ್ದು ಬಚ್ಚಲಿಗೆ ಹೋಗುವ ಒಂದು ಜೊತೆ ದೊಡ್ಡ ಹೆಜ್ಜೆ. (ಇವರಿಗೆ ನೆಗಡಿಯಾಗಿರುವುದು ಹಾಗೆ ಪತ್ತೆಯಾಯಿತು.) ಆಮೇಲೆ ಇಡೀ ಮನೆ ತೊಳೆದೆ. ಗೂಡನ್ನೂ ಇನ್ನೊಂದು ಸಲ ತೊಳೆದೆ, ಹಿಟ್ಟು ಹಾರಿರಬಹುದಲ್ಲ.

ಸೋಮವಾರ ಹತ್ತಿಯ ನೂಲಿನಲ್ಲಿ ಎರಡು ಪುಟ್ಟ ಕಾಲುಚೀಲ ಹೆಣೆದು ತೊಡಿಸಿದೆ. ಒಂದರ ಅಂಚನ್ನು ಹವಾಲ್ದಾರ ಕಡಿಯತೊಡಗಿದ್ದನ್ನು ಕಂಡು, ನುಂಗಿಬಿಟ್ಟಾನೆಂದು ಕಿತ್ತುಕೊಂಡೆ. ಇನ್ನೊಂದನ್ನು ಅವನೇ ಝಾಡಿಸಿದ. ಅದು ಎಲ್ಲಿ ಹಾರಿತೋ ಕಾಣಲಿಲ್ಲ. ಮರುದಿನ ಅಂಗಡಿಯಲ್ಲಿ ಗಿರಾಕಿಯೊಬ್ಬರ ಕನ್ನಡಕ ಒರೆಸಲು ಇವರು ಜೇಬಿನಿಂದ ಬಟ್ಟೆ ತೆಗೆದಾಗ ಕಂಡಿತಂತೆ.

“ಇದು ಯಾರ ಮಗೂದು ಅಂತ ಕೇಳಿದ್ರು. ಮೊಲದ್ದು ಅಂದೆ. ಎದ್ದು ಹೋದ್ರು ಕಣೆ.”

ಬುಧವಾರ ಬೆಳಿಗ್ಗೆ ನಾವು ನಾಲ್ವರೂ ಮೊಲವನ್ನು ಗೂಡಿನ ಸಮೇತ ಹೊತ್ತು ಡಾಕ್ಟರಮ್ಮನ ಮುಂದೆ ಹಾಜರಾದೆವು. ಅಗಲವಾದ ಕೈ, ಸಣ್ಣ ದನಿ, ಅವಸರವಿಲ್ಲದ ಹೆಂಗಸು. ಹವಾಲ್ದಾರನ ಬೆನ್ನನ್ನು ತಮ್ಮ ಎದೆಗೊರಗಿಸಿಕೊಂಡು ಅಂಗಾಲು ನೋಡಿದರು, ಉಗುರು ನೋಡಿದರು, ಗೂಡಿನೊಳಗೆ ಕೈಯಿಟ್ಟು ನೋಡಿದರು. ಕೈಯನ್ನು ಹೊರತೆಗೆದು ಟವೆಲಿಗೆ ಒರೆಸಿಕೊಂಡರು.

“ಎಷ್ಟು ದಿನದಿಂದ ಹೀಗಿದೆ?”

ಈ ಪ್ರಶ್ನೆಗಾಗಿಯೇ ನಾನು ಹುಟ್ಟಿದ್ದೆ ಎನ್ನಿಸಿತು. ದಿನಚರಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟೆ. “ಎಲ್ಲಾ ಬರೆದಿದ್ದೀನಿ ಡಾಕ್ಟ್ರೆ. ಒಂದು ನಿಮಿಷಾನೂ ಬಿಟ್ಟಿಲ್ಲ.”

ಅವರು ಕನ್ನಡಕ ಏರಿಸಿ ಓದತೊಡಗಿದರು. ನಾನು ಇವರ ಕಡೆ, ‘ನೋಡಿ, ಓದೋರು ಇರ್ತಾರೆ’ ಎಂಬಂತೆ ನೋಡಿದೆ.

“ಬೆಳಿಗ್ಗೆ ಆರು ಹತ್ತು, ಗೂಡು ತೊಳೆದೆ. ಒಂಬತ್ತು ಗಂಟೆ, ತೊಳೆದೆ. ಹನ್ನೆರಡೂವರೆ, ಫಿನೈಲ್ ಹಾಕಿ ತೊಳೆದೆ. ನಾಲ್ಕು, ತೊಳೆದೆ. ಏಳು, ತೊಳೆದೆ.” ಡಾಕ್ಟರಮ್ಮ ತಲೆಯೆತ್ತಿದರು. “ದಿನಕ್ಕೆ ಐದು ಸಲಾನಾ?”

“ಭಾನುವಾರ ಆರು,” ಎಂದೆ ವಿನಯದಿಂದ.

“ಒಣಗೋದು ಯಾವಾಗ?”

ನಾನು ಪುಸ್ತಕದ ಕಡೆ ಬಗ್ಗಿ ಹುಡುಕಿದೆ.

“ಒಣಗಿದ್ದು ಮಾತ್ರ ಎಲ್ಲೂ ಬರೆದಿಲ್ಲ ನೀವು,” ಎಂದು ಅವರು ಪುಟ ತಿರುಗಿಸಿದರು. “ಈ ತಂತಿ ಜಾಲರಿ ಗೂಡಿನ ಜೊತೆ ಬಂದಿದ್ದಾ?”

“ಇಲ್ಲ, ನಾನೇ ಹಾಕ್ಸಿದ್ದು. ಉಚ್ಚೆ ಕೆಳಗೆ ಇಳಿದುಹೋಗ್ಲಿ, ಅವನು ಮೇಲೆ ಕ್ಲೀನಾಗಿ ಇರ್ಲಿ ಅಂತ.”

“ಹುಲ್ಲಿನ ಹಾಸಿಗೆ?”

“ಇತ್ತು. ಧೂಳು ಅಂತ ತೆಗೆದೆ.”

“ಇದೇನು? ‘ರಾತ್ರಿ ಊಟಕ್ಕೆ ಮುಂಚೆ ಪಾದಸ್ನಾನ, ಮಕ್ಕಳ ಸೋಪು’?”

ಅತ್ತೆ ಸೂರು ನೋಡಿದರು. ಇವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಹೆಗಲು ಕುಣಿಯುವಂಥ ಕೆಮ್ಮು. ಚುಕ್ಕಿ ಮಾತ್ರ ಕೇಳಿದಳು, “ಡಾಕ್ಟರಾಂಟಿ, ಸ್ನಾನ ಮಾಡಿದ್ರೆ ಕಾಲು ನೋಯುತ್ತಾ?” ಅವಳ ದನಿಯಲ್ಲಿ ದೊಡ್ಡ ಆಸೆಯೊಂದಿತ್ತು.

“ನಿನಗಲ್ಲ ಪುಟ್ಟಾ, ಇವನಿಗೆ. ನಾಯಿ, ಬೆಕ್ಕಿಗೆಲ್ಲ ಅಂಗಾಲಲ್ಲಿ ಮೆತ್ತೆ ಇರುತ್ತೆ, ನೋಡಿದ್ದೀಯಲ್ಲ? ಮೊಲಕ್ಕೆ ಅದಿಲ್ಲ. ಬರೀ ಕೂದಲು. ಆ ಕೂದಲೇ ಇವನ ಚಪ್ಪಲಿ. ಸದಾ ಒದ್ದೆಯಾಗಿದ್ರೆ ಕೂದಲು ಅಂಟಿಕೊಂಡು ಉದುರುತ್ತೆ, ಚರ್ಮ ಮೆತ್ತಗಾಗುತ್ತೆ. ಆಮೇಲೆ ತಂತಿ ಮೇಲೆ ನಿಲ್ಲಿಸಿದ್ರೆ ಮೈಭಾರವೆಲ್ಲ ಗೆರೆ ಗೆರೆಯಾಗಿ ಅಲ್ಲೇ ಒತ್ತುತ್ತೆ. ಉಗುರು ಬೇರೆ ಬೆಳೆದಿದೆ. ಬೆರಳೂರೋಕಾಗದೆ ಹಿಂದಕ್ಕೆ ವಾಲಿ ಹಿಮ್ಮಡಿ ಮೇಲೇ ಕೂತಿದಾನೆ. ಜೊತೆಗೆ ಇವನು ದಪ್ಪ ಆಗಿದಾನಲ್ಲ?”

“ಅದು ನಾನು,” ಎಂದರು ಅತ್ತೆ, ಗೌರವದಿಂದ.

ಅಲ್ಲಿಗೆ ನನ್ನ ತನಿಖೆ ಮುಗಿಯಿತು. ಆರೋಪಿಯ ಹೆಸರು, ದಿನಾಂಕ, ಸಮಯ ಎಲ್ಲವೂ ಆರೋಪಿಯ ಸ್ವಂತ ಕೈಬರಹದಲ್ಲೇ ಸಿಕ್ಕಿದ್ದವು.

ಡಾಕ್ಟರಮ್ಮ ಉಪ್ಪುನೀರಿನಂಥ ದ್ರಾವಣದಲ್ಲಿ ಗಾಯ ಒರೆಸಿ, ಒಣಗಿಸಿ, ತೆಳುವಾಗಿ ಮುಲಾಮು ಹಚ್ಚಿದರು. ನೋವಿಗೆ ಹನಿ ಬರೆದುಕೊಟ್ಟರು, ಉಗುರು ಕತ್ತರಿಸಿದರು. “ಬೇಗ ಬಂದ್ರಿ, ಒಳ್ಳೇದಾಯ್ತು. ಹುಣ್ಣಾಗಿ ಕೀವಾದ್ರೆ ಕಷ್ಟ ಇತ್ತು. ಜಾಲರಿ ಇವತ್ತೇ ತೆಗೀರಿ. ಗಟ್ಟಿ ತಳ, ಅದರ ಮೇಲೆ ದಪ್ಪಗೆ ಒಣಹುಲ್ಲು. ಒದ್ದೆಯಾದ ಮೂಲೇನ ಮಾತ್ರ ದಿನಾ ಬದಲಾಯಿಸಿ. ಹಜಾರದಲ್ಲಿ ಜಾರದ ಹಾಗೆ ಮೆತ್ತನೆ ಹಾಸು ಹಾಕಿ ಓಡಾಡೋಕೆ ಬಿಡಿ. ಇನ್ನು ನೀವು...” ಎಂದು ನನ್ನ ಕಡೆ ತಿರುಗಿದರು. “ಅಂಗಾಲು ದಿನಕ್ಕೆ ಒಂದು ಸಲ ನೋಡಿ. ಒಂದೇ ಸಲ.”

“ಸೋಮವಾರದೊಳಗೆ ಕೂದಲು ಬರುತ್ತಾ ಡಾಕ್ಟ್ರೆ?”

“ಕೂದಲಿಗೆ ನಿಮ್ಮ ಸ್ಕೂಲಿನ ರಜೆ ಗೊತ್ತಿಲ್ಲಮ್ಮ. ವಾರಗಟ್ಟಲೆ ಬೇಕು.”

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಆ ಮಹಾತಾಯಿ ಪುಸ್ತಕದ ನಲವತ್ತಮೂರನೆಯ ಪುಟದಲ್ಲಿ ತಮ್ಮ ಪೆನ್ನಿನಿಂದಲೇ, ವೈದ್ಯರ ಕುಲಕ್ಕೇ ಅಪವಾದವೆಂಬಂತೆ ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ಕಾರಣ: ಅತಿಯಾದ ತೊಳೆಯುವಿಕೆ.’ ಕೆಳಗೆ ಸಹಿ. ಸಹಿಯ ಕೆಳಗೆ ಮೊಹರು.

ನಾಲ್ಕು ದಿನ ಆ ಪುಟವನ್ನು ದಿಟ್ಟಿಸಿದೆ. ಹರಿಯುವಂತಿಲ್ಲ, ಸಂಖ್ಯೆ ಇದೆ. ಹಿಂದಿನ ಪುಟಕ್ಕೆ ಅಂಟಿಸೋಣವೇ ಎಂದು ಗೋಂದಿನ ಶೀಸೆ ಹುಡುಕುತ್ತಿದ್ದಾಗ ಚುಕ್ಕಿ ಬಂದಳು. “ಅಮ್ಮಾ, ನಿನ್ ಬಗ್ಗೆ ಬರೆದಿರೋದನ್ನ ಮುಚ್ತೀಯಾ? ಹಾಗಾದ್ರೆ ಮುಂದಿನ ಮನೆಯೋರೂ ಹವಾಲ್ದಾರನ್ನ ತೊಳೀತಾರಲ್ಲ?” ಎಂದಳು. ಅವಳ ಮುಖದಲ್ಲಿ ತಂಟೆ ಇರಲಿಲ್ಲ, ನಿಜವಾದ ಸಂದೇಹವಿತ್ತು. ಗೋಂದಿನ ಶೀಸೆಯನ್ನು ಒಳಗಿಟ್ಟೆ.

ಸೋಮವಾರ ಚುಕ್ಕಿ, ನಾನು, ಒಣಹುಲ್ಲಿನ ಮೇಲೆ ರಾಜನಂತೆ ಕುಳಿತ ಹವಾಲ್ದಾರ ತರಗತಿಗೆ ಹೋದೆವು. ಟೀಚರ್ ಪುಸ್ತಕ ಓದುವಷ್ಟು ಹೊತ್ತು ನಾನು ಕೊನೆಯ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತಿದ್ದೆ. ಓದಿದ ಮೇಲೆ ಅವರು ನಲವತ್ತಮೂರನೆಯ ಪುಟವನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿದರು. ನಾನು ನಿರೀಕ್ಷಿಸಿದ ನಗು ಬರಲಿಲ್ಲ. ಬದಲಿಗೆ ಎಲ್ಲರೂ ಬೂಟು ಬಿಚ್ಚಿ ತಮ್ಮ ತಮ್ಮ ಹಿಮ್ಮಡಿ ನೋಡಿಕೊಳ್ಳತೊಡಗಿದರು. ‘ನಮಗ್ಯಾಕೆ ಅಲ್ಲಿ ಕೂದಲಿಲ್ಲ ಟೀಚರ್?’ ‘ಆನೇಗೆ ಇದ್ಯಾ?’ ‘ಮೀನಿಗೆ ಒದ್ದೆಯಾದ್ರೆ?’ ಮೂಲೆಯಲ್ಲಿ ಚುಕ್ಕಿ ಡಾಕ್ಟರಮ್ಮನ ಅವಸರವಿಲ್ಲದ ಧಾಟಿಯಲ್ಲೇ ಉತ್ತರ ಕೊಡುತ್ತಿದ್ದಳು. ನನ್ನ ಮಗಳ ಮಾನ ಹೋಗಿರಲಿಲ್ಲ, ಮೇಲೇರಿತ್ತು. ನನ್ನ ಕಣ್ಣು ತುಂಬಿತು.

“ಹಿಂದಿನೋರೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಂತಷ್ಟೇ ಬರೆದಿದ್ರು,” ಎಂದರು ಟೀಚರ್. “ನೀವು ಮಾಡಿದ್ದೆಲ್ಲ ಬರೆದಿದ್ದೀರಿ. ಅದಕ್ಕೇ ಕಾರಣ ಗೊತ್ತಾಯ್ತು. ಮಕ್ಕಳೇ, ಹಿಮ್ಮಡಿ ವಾಸಿಯಾಗೋವರೆಗೆ ಹವಾಲ್ದಾರ ಚುಕ್ಕಿ ಮನೇಲೇ ಇರ್ಲಿ ಅನ್ನೋರು ಕೈ ಎತ್ತಿ.”

ಇಡೀ ತರಗತಿ ಕೈಯೆತ್ತಿತು. ನನಗೆ ಕುಳಿತಲ್ಲೇ ಎರಡಂಗುಲ ಎತ್ತರವಾದಂತಾಯಿತು.

“ಗೂಡು ಕ್ಲೀನ್ ಮಾಡೋ ಕೆಲಸ ಚುಕ್ಕಿಗೆ ಕೊಡೋಣ ಅನ್ನೋರು?”

ಮತ್ತೆ ಎಲ್ಲ ಕೈಗಳೂ ಮೇಲೆ.

“ಚುಕ್ಕಿ ಅಮ್ಮನಿಗೆ ಕೊಡೋಣ ಅನ್ನೋರು?”

ಚುಕ್ಕಿ ತನ್ನ ಎರಡೂ ಕೈಗಳನ್ನು ಬೆಂಚಿನ ಕೆಳಗೆ ಬಚ್ಚಿಟ್ಟುಕೊಂಡಳು. ಮಕ್ಕಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿ, ಕೊನೆಯ ಬೆಂಚಿನಲ್ಲಿ ಮೇಲೆದ್ದಿದ್ದ ಒಂದೇ ಒಂದು ಕೈಯನ್ನು ನೋಡಿದರು.

“ಕೈ ಇಳಿಸಿ ಅಮ್ಮ,” ಎಂದರು ಟೀಚರ್, ತುಂಬ ಮೃದುವಾಗಿ. “ತಾಯಂದಿರಿಗೆ ಓಟಿಲ್ಲ.”