ರಾಜಾನ ಹೊಟ್ಟೆಗೆ ನೀರು

ನೀರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಇಪ್ಪತ್ತಾರು ವರ್ಷ ನೀರಾವರಿ ಇಲಾಖೆಯಲ್ಲಿ ದುಡಿದವನು ನಾನು. ನವಿಲುತೀರ್ಥದ ಅಣೆಕಟ್ಟಿನಲ್ಲಿ ಬಿಟ್ಟ ನೀರನ್ನು ಕಾಲುವೆಯ ಕಟ್ಟಕಡೆಯ ಹೊಲಕ್ಕೂ ಮುಟ್ಟಿಸಿದ ಆಸಾಮಿ! ಮುಟ್ಟಲೇ ಇಲ್ಲ ಎನ್ನುವವರೂ ಇದ್ದಾರೆ; ಅವರ ಅರ್ಜಿಗಳು ನಮ್ಮ ಆಫೀಸಿನ ಕಪಾಟಿನಲ್ಲಿ ಭದ್ರವಾಗಿವೆ.

ರಾಮದುರ್ಗದ ನಮ್ಮ ಮನೆಯಲ್ಲಿ ರಾಜಾ ಎಂಬ ಗಂಡು ಬೆಕ್ಕು ಇದ್ದಾನೆ. ಮೈಯೆಲ್ಲ ಕರಿ, ಎದೆಯಷ್ಟೇ ಬಿಳಿ. ಅವನ ನಡಿಗೆ ನೋಡಬೇಕು! ಹಳೇ ಸಂಸ್ಥಾನದ ಕಾರಭಾರ ಇನ್ನೂ ತನ್ನ ಕೈಯಲ್ಲೇ ಇದೆ ಎನ್ನುವ ಗತ್ತು. ಹಾಲು-ರೊಟ್ಟಿ ಉಂಡು ಬೆಳೆದ ಇವನಿಗೆ ಒಳ್ಳೆಯ ಆಹಾರ ಕೊಡಿಸಬೇಕೆಂದು ಒಂದು ದಿನ ನನಗೆ ಉಮೇದು ಬಂತು. ಅಂಗಡಿಯಲ್ಲಿ ಎರಡು ಬಗೆ ಇದ್ದವು. ಒಣ ಆಹಾರದ ದೊಡ್ಡ ಚೀಲ, ಹಸಿ ಆಹಾರದ ಸಣ್ಣ ಪಾಕೀಟು. ನಾನು ಟೆಂಡರ್ ಸಮಿತಿಯಂತೆ ಕೂಲಂಕಷವಾಗಿ ಪರಿಶೀಲಿಸಿದೆ. ಒಣದು ಕೆಡುವುದಿಲ್ಲ, ಸೋರುವುದಿಲ್ಲ, ಅಷ್ಟಾಗಿ ನಾರುವುದೂ ಇಲ್ಲ. ಒಣದೇ ಮಂಜೂರು!

ಮನೆಯಲ್ಲಿ ಹೆಂಡತಿ ಸುಮಂಗಲಾ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಎರಡು ಹೊತ್ತು ಲಿಂಗಪೂಜೆ ಮಾಡುವವಳು. ಬಸ್ಸಿನಲ್ಲಿ ಯಾರಾದರೂ ತತ್ತಿ ಬಿಡಿಸಿದರೆ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುವವಳು.

"ರೀ, ಇದರ ಮ್ಯಾಲೆ ಮೀನಿನ ಚಿತ್ರ ಐತಲ್ರಿ!"

"ಚಿತ್ರ ಅಷ್ಟ ಐತಿ. ಒಳಗ ನೋಡು, ಕಡಲಿ ಕಾಳಿನಂಗ ಐತಿ."

ಒಣಗಿದ ಮೇಲೆ ಮೀನೂ ಕಾಳೇ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ರಾಜಾ ಕುರುಂ ಕುರುಂ ಎಂದು ತಿಂದ. ಒಂದು ತಿಂಗಳು ಓಣಿಯಲ್ಲೆಲ್ಲ ನನ್ನ ಆಯ್ಕೆಯ ಬಗ್ಗೆ ಭಾಷಣ ಬಿಗಿದೆ.

ಆಮೇಲೆ ಒಂದು ಮುಂಜಾನೆ ರಾಜಾ ಬಚ್ಚಲ ಮೂಲೆಯಲ್ಲಿ ಮುದುಡಿ ಕುಳಿತ. ಉಚ್ಚೆಗೆ ತಿಣುಕುತ್ತಾನೆ, ಬರುವುದು ಎರಡೇ ಹನಿ. ಅವನು ಒದರುವುದನ್ನು ಕೇಳಿ ಸುಮಂಗಲಾ ಅತ್ತೇಬಿಟ್ಟಳು. ಕಾಯಿಪಲ್ಲೆ ಬುಟ್ಟಿಯಲ್ಲಿ ಅವನನ್ನು ಹೊತ್ತು ಪಶು ಆಸ್ಪತ್ರೆಗೆ ಓಡಿದೆ. ನಾಲ್ಕು ಎಮ್ಮೆಗಳ ಹಿಂದೆ ನಮ್ಮ ಪಾಳಿ ಬಂತು. ಡಾಕ್ಟರಮ್ಮ ನಳಿಗೆ ಹಾಕಿ ಉಚ್ಚೆ ತೆಗೆದರು.

"ಬರೇ ಒಣಾ ಹಾಕೀರೇನ್ರಿ? ಇಂವ ನೀರು ಕುಡಿಯೋದು ಕಡಿಮಿ. ಹಸೀ ಆಹಾರ ಕೊಡ್ರಿ, ಅದರಾಗ ನೀರು ಇರತೈತಿ. ಮತ್ತ ಕಟ್ಟಿತಂದ್ರ ಜೀವಕ್ಕ ಕುತ್ತು. ಅಂದಂಗ ನೀವು ಏನು ಕೆಲಸ ಮಾಡತೀರಿ?"

"ನೀರಾವರಿ ಇಲಾಖೆರಿ."

ಅವರು ಚೀಟಿಯಲ್ಲಿ 'ನೀರು' ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು.

ಹಸಿ ಆಹಾರವೆಂದರೆ ಮೀನಿನ ಗಮ್ಮೆನ್ನುವ ವಾಸನೆ. ಸುಮಂಗಲಾಗೆ ಹೇಳುವ ಧೈರ್ಯ ಯಾರಿಗಿದೆ? ಒಣದಕ್ಕೆ ನೀರು ಹಾಕಿದರೆ ಹಸಿಯಾಯಿತಲ್ಲ, ಇಷ್ಟಕ್ಕೆ ಡಾಕ್ಟರ್ ಯಾಕೆ ಬೇಕು? ಗದ್ದೆಗೆ ಬಿಟ್ಟಂತೆ ನೀರು ಬಿಟ್ಟು ರಾಜಾನ ಮುಂದೆ ಇಟ್ಟೆ. ಅವನು ಮೂಸಿ ನೋಡಿ, ಮುಂಗಾಲಿನಿಂದ ಸುತ್ತಲಿನ ನೆಲ ಕೆರೆದು ಮುಚ್ಚುವಂತೆ ಮಾಡಿ ಹೊರಟುಹೋದ. ಬೆಕ್ಕುಗಳು ಏನನ್ನು ಹಾಗೆ ಮುಚ್ಚುತ್ತವೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಮೊಸರು ಬೆರೆಸಿದೆ, ತುಪ್ಪ ಹಾಕಿದೆ. ಎರಡು ದಿನ ಉಪವಾಸ ಬಿದ್ದ, ಆದರೆ ಮುಟ್ಟಲಿಲ್ಲ. ಏನು ಹಟ, ಏನು ಸ್ವಾಭಿಮಾನ! ಒಳಗೊಳಗೇ ಮೆಚ್ಚಿಕೊಂಡೆ.

ಕೊನೆಗೆ ಹಸಿ ಪಾಕೀಟು ತಂದು ಬನಿಯನ್ ಒಳಗೆ ಬಚ್ಚಿಟ್ಟೆ. ದಿನ ಯಾವುದು? ಶ್ರಾವಣ ಸೋಮವಾರ! ಪಡಸಾಲೆಯಲ್ಲಿ ಮಠದ ಅಯ್ಯನವರು ಪ್ರಸಾದಕ್ಕೆ ಕುಳಿತಿದ್ದರು. ಮುಂದೆ ಅಡ್ಡಣಿಗೆ, ಅದರ ಮೇಲೆ ತಾಟು, ತಾಟಿನಲ್ಲಿ ಹೋಳಿಗೆ. ಸುಮಂಗಲಾ ತುಪ್ಪ ಬಡಿಸುತ್ತಿದ್ದಳು. ಇದೇ ಹೊತ್ತು ಎಂದು ನಾನು ಹಿತ್ತಲಿಗೆ ನುಸುಳಿ ಪಾಕೀಟಿನ ತುದಿ ಹರಿದೆ. ಅಷ್ಟೇ! ಎರಡು ದಿನ ಹಸಿದ ರಾಜಾ ಹಾರಿ, ಪಾಕೀಟನ್ನೇ ಬಾಯಲ್ಲಿ ಕಚ್ಚಿಕೊಂಡು ಒಳಗೆ ಓಡಿದ. ಅಡುಗೆಮನೆ ದಾಟಿದ. ಪಡಸಾಲೆಗೆ ಬಂದು ನೇರ ಅಡ್ಡಣಿಗೆಯ ಪಕ್ಕದಲ್ಲಿ ಅದನ್ನಿಟ್ಟುಕೊಂಡು ಪಂಕ್ತಿಗೆ ಕುಳಿತೇಬಿಟ್ಟ!

"ರೀ! ಇದೇನ್ರೀ ಇದು?"

"ಔ... ಔಷಧ."

ಅಯ್ಯನವರು ತಾಟನ್ನು ಎತ್ತಿ ಹಿಂದೆ ಸರಿದರು. "ಔಷಧ ಭಾಳ ನಾರತೈತಲ್ಲೋ ತಮ್ಮಾ."

ನಾನು ಅಲ್ಲೇ ಕುಸಿದು ಎಲ್ಲ ಒಪ್ಪಿಕೊಂಡೆ. "ಇದನ್ನ ತಿನ್ನಲಿಲ್ಲಂದ್ರ ಸಾಯತಾನ್ರಿ ಅಯ್ಯಾರ! ಇಕಿಗಿ ಹೇಳಾಕ ಅಂಜಿದ್ನಿರಿ!"

ಸುಮಂಗಲಾಳ ಮುಖ ಕೆಂಪಾಗಿತ್ತು. ಅಯ್ಯನವರು ರಾಜಾನನ್ನು ನೋಡಿದರು, ಅವಳನ್ನು ನೋಡಿದರು.

"ಯವ್ವಾ, ಈ ಬೆಕ್ಕಿಗಿ ಲಿಂಗಾ ಕಟ್ಟೀರೇನು?"

"ಇಲ್ರಿ ಅಪ್ಪಾರ."

"ಮತ್ತ ಅವಂಗ ನಮ್ಮ ನೇಮ ಯಾಕ? ಹಿತ್ತಲದಾಗ ಉಣ್ಣಲಿ ಬಿಡು. ನನಗ ಆ ಕಟ್ಟಿ ಮ್ಯಾಲೆ ಬ್ಯಾರೆ ತಾಟು ಹಾಕು. ಹೋಳಗಿ ಮಾತ್ರ ಚೊಲೋ ಆಗ್ಯಾವ."

ಸುಮಂಗಲಾ ನನ್ನತ್ತ ತಿರುಗಿದಳು. "ಜೀವದ ಮಾತು ನನ್ನ ಮುಂದ ಹೇಳಾಕ ಏನಾಗಿತ್ರಿ ನಿಮಗ? ನಾ ಅಷ್ಟು ಕಲ್ಲು ಮನಸಿನಾಕಿ ಏನು?"

ಅವಳು ಸೆರಗಿನಿಂದ ಮೂಗು ಕಟ್ಟಿಕೊಂಡು, ಹಿತ್ತಲ ಬಂಡೆಯ ಮೇಲೆ ಕುಳಿತು, ಆ ಮೀನಿಗೆ ಬಿಸಿನೀರು ಬೆರೆಸಿ ತನ್ನ ಬೆರಳಿನಿಂದಲೇ ರಾಜಾನಿಗೆ ನೆಕ್ಕಿಸಿದಳು. ಆಮೇಲೆ ತಲೆಯ ಮೇಲೆ ನೀರು ಹಾಕಿಕೊಂಡು ಮತ್ತೆ ಪೂಜೆಗೆ ಕುಳಿತಳು. ದಿನಕ್ಕೆ ಮೂರು ಸಲ ಇದೇ ನಡೆಯಿತು; ಉಚ್ಚೆ ಮಾತ್ರ ಇನ್ನೂ ಹನಿಹನಿಯಾಗಿಯೇ ಬರುತ್ತಿತ್ತು. ಮೂವತ್ತು ವರ್ಷ ಸಂಸಾರ ಮಾಡಿ ನಾನು ಅವಳನ್ನು ಇಷ್ಟೇ ತಿಳಿದದ್ದು! ಅವಳ ಮುಂದೆ ನಾನೆಷ್ಟರವನು ಎಂದು ಆ ಹಿತ್ತಲ ಬಾಗಿಲಲ್ಲಿ ನಿಂತೇ ಗೊತ್ತಾಯಿತು.

ಮೂರನೇ ಮುಂಜಾನೆ ನಾನು ಆಫೀಸಿಗೆ ಹೊರಟಿದ್ದೆ. ಹೊಸ್ತಿಲ ಹೊರಗೆ ನನ್ನ ಹೊಸ ಕೊಲ್ಲಾಪುರಿ ಚಪ್ಪಲಿಗಳಿದ್ದವು. ರಾಜಾ ಬಂದ, ಒಂದರ ಮೇಲೆ ಕುಳಿತ.

"ರೀ, ಲಗೂನ ಬರ್ರಿ! ಹೊಯ್ಯಾಕ ಹತ್ಯಾನ್ರಿ!"

ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ಧಾರೆ ನಿಲ್ಲಲೇ ಇಲ್ಲ. ಒಂದು ತುಂಬಿದ ಮೇಲೆ ಎದ್ದು ಇನ್ನೊಂದರ ಮೇಲೆ ಕುಳಿತ. ಸುಮಂಗಲಾ ಕಣ್ಣೊರೆಸಿಕೊಂಡು ಕೈ ಮುಗಿದಳು. ನಾನೂ ಮುಗಿದೆ.

ಬಚ್ಚಲ ಚಪ್ಪಲಿ ಮೆಟ್ಟಿಕೊಂಡು, ದಾರಿಯಲ್ಲಿ ಪೇಢೆ ಕೊಂಡು, ಆಫೀಸಿನಲ್ಲಿ ಎಲ್ಲರಿಗೂ ಹಂಚಿದೆ. ಹೆಡ್ ಕ್ಲಾರ್ಕ್ ಪೇಢೆ ಹಿಡಿದು, "ಏನ್ ಸರ್, ಪ್ರಮೋಷನ್ನಾ?" ಎಂದರು.

"ಇಲ್ರಿ, ನಮ್ಮ ಬೆಕ್ಕು ಉಚ್ಚಿ ಹೊಯ್ತರಿ!"

ಅವರು ನನ್ನ ಕಾಲಿನ ಚಪ್ಪಲಿ ನೋಡಿದರು, ನನ್ನ ಮುಖ ನೋಡಿದರು, ಪೇಢೆಯನ್ನು ಮೆಲ್ಲಗೆ ಡಬ್ಬಿಯಲ್ಲಿ ತಿರುಗಿ ಇಟ್ಟರು.