ಮಾವ ಮನೆಗೆ ತಾರಸಿ ಹಾಕಿಸಿದ್ದು

ನನ್ನ ಸೋದರಮಾವ ದೇವರ ಹತ್ತಿರ ಮಾತ್ರ ಚೌಕಾಸಿ ಮಾಡುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಹಾಗೆ ಹೇಳಿದವರು ಮಾವ ಹರಕೆ ಹೊರುವುದನ್ನು ಕೇಳಿರಲಿಕ್ಕಿಲ್ಲ. ಐದು ತೆಂಗಿನಕಾಯಿ ಎಂದು ಶುರು ಮಾಡಿ, ಕೆಲಸ ಕೈಗೂಡುವ ಲಕ್ಷಣ ಕಂಡ ಕೂಡಲೇ ಎರಡಕ್ಕೆ ಇಳಿದು, ಕೈಗೂಡಿದ ಮೇಲೆ "ಈಗ ಕಾಯಿ ಎಲ್ಲಿ ಚೆನ್ನಾಗಿರುತ್ತೆ" ಎಂದು ಒಂದು ಬಿಲ್ಲೆ ಕರ್ಪೂರಕ್ಕೆ ವ್ಯವಹಾರ ಮುಗಿಸುತ್ತಿದ್ದರು. ದೇವರು ಒಪ್ಪುತ್ತಿದ್ದನೋ, ಬೇಸತ್ತು ಸುಮ್ಮನಾಗುತ್ತಿದ್ದನೋ ತಿಳಿಯದು. ಮಾವನಿಗೆ ಎರಡೂ ಒಂದೇ.

ಅವರದು ವಿಜಯಪುರದಲ್ಲಿ ರೇಷ್ಮೆ ನೂಲಿನ ವ್ಯಾಪಾರ. ನನಗೆ ಆ ಊರಿನ ಸ್ಕೂಲಿನಲ್ಲಿ ಹೊಸದಾಗಿ ಮೇಷ್ಟ್ರ ಕೆಲಸ ಸಿಕ್ಕಿದ್ದರಿಂದ ಅವರ ಮನೆಯಲ್ಲೇ ಊಟ, ವಾಸ. ಮಾವ, ಅತ್ತೆ, ನಾನು, ಇಷ್ಟೇ ಜನ. ಮನೆಗೆ ಅಜ್ಜನ ಕಾಲದ ಮಣ್ಣಿನ ಮಾಳಿಗೆ. ಮಳೆ ಬಂದರೆ ಅತ್ತೆಯ ಪಾತ್ರೆಗಳೆಲ್ಲ ಒಲೆ ಬಿಟ್ಟು ನಡುಮನೆಗೆ ಬಂದು ಸೋರುವ ನೀರು ಹಿಡಿಯುತ್ತಿದ್ದವು. ಆಕೆ ವರ್ಷಗಟ್ಟಲೆ ಹೇಳಿದರೂ ಮಾವನಿಗೆ ಅದು ಕಂಡಿರಲಿಲ್ಲ. ಎದುರು ಮನೆಯವರು ಸಿಮೆಂಟಿನ ತಾರಸಿ ಹಾಕಿಸಿದ ಮಾರನೆಯ ದಿನ ಮಾತ್ರ, ಮಳೆಯಿಲ್ಲದ ಬಿಸಿಲಿನಲ್ಲಿ, ನಮ್ಮ ಮನೆ ಸೋರುವುದು ಅವರ ಕಣ್ಣಿಗೆ ಬಿತ್ತು.

ಹೀಗಾಗಿ ಮೇಸ್ತ್ರಿ ಬಂದ. ಬಡಕಲು ಮೈಯ, ಮೆತ್ತನೆ ಮಾತಿನ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಮಗಳು ರಾಜಮ್ಮನನ್ನೂ ಕೆಲಸಕ್ಕೆ ಜೊತೆಯಲ್ಲೇ ಕರೆತರುತ್ತಿದ್ದ. ಮಾವ ಅವನನ್ನು ಜಗಲಿಯ ಮೇಲೆ ಕೂರಿಸಿ, ಅವನ ಕೈಯ ಮೇಲೆ ಟವೆಲ್ಲು ಹಾಕಿ, ಕೆಳಗೆ ಬೆರಳು ಹಿಡಿದುಕೊಂಡರು. ನೂಲಿನ ವ್ಯಾಪಾರಿಗಳು ನಾಲ್ಕು ಜನರ ಮುಂದೆ ದರ ಬಾಯಿಬಿಟ್ಟು ಹೇಳುವುದಿಲ್ಲ. ಯಾವ ಬೆರಳು ಹಿಡಿದರೆ ಎಷ್ಟು ಎಂದು ಅವರವರಲ್ಲೇ ಲೆಕ್ಕ. ಗಾರೆ ಕೆಲಸದವನಿಗೆ ಇದೆಲ್ಲಿ ಗೊತ್ತು? ಮಾವ ಒಂದು ಬೆರಳು ಒತ್ತಿದರು, ಎರಡು ಒತ್ತಿದರು, ಅರ್ಥಗರ್ಭಿತವಾಗಿ ಮುಖ ನೋಡಿದರು. ಮೇಸ್ತ್ರಿ ಬಹಳ ಹೊತ್ತು ಸಹಿಸಿಕೊಂಡಿದ್ದು, ಕೊನೆಗೆ ಸಂಕೋಚದಿಂದ ಹೇಳಿದ: "ಜ್ವರ ಗಿರ ಇಲ್ಲ ಬುದ್ಧಿ. ನನ್ ಮೈ ಬೆಚ್ಚಗಿರೋದೇ ಹಂಗೆ."

ಮಾವ ಅವಮಾನ ನುಂಗಿಕೊಂಡು ಬಾಯಿಮಾತಿಗೆ ಇಳಿದರು. ಬಾಯಿಮಾತಿನಲ್ಲಿ ಅವರು ಇನ್ನೂ ಅಪಾಯಕಾರಿ. ತಾರಸಿ ಹೊರಲು ನಡುಮನೆಯ ಗೋಡೆ ಹೊಸದಾಗಿ ಕಟ್ಟಬೇಕು, ಅದಕ್ಕೆ ಎರಡು ಕಿಟಕಿ ಎಂದ ಮೇಸ್ತ್ರಿ. ಮಾವ ಗಡ್ಡ ಕೆರೆದುಕೊಂಡು, "ಕಿಟಕಿ ಅಂದ್ರೆ ಏನಪ್ಪಾ? ಗೋಡೆ ಕಟ್ಟದೆ ಬಿಟ್ಟ ಜಾಗ ತಾನೇ? ಕಟ್ಟದೇ ಇದ್ದದ್ದಕ್ಕೆ ನಾನು ಯಾಕೆ ಕೂಲಿ ಕೊಡ್ಬೇಕು?" ಎಂದರು.

ಮೇಸ್ತ್ರಿ ತಬ್ಬಿಬ್ಬಾಗಿ ಗೋಡೆಯ ಕಡೆ ನೋಡಿದ. ಜಗಲಿಯ ಕೆಳಗೆ ಅಳತೆಯ ದಾರ ಸುತ್ತುತ್ತಿದ್ದ ರಾಜಮ್ಮ ತಲೆಯೆತ್ತದೆ ಉತ್ತರ ಕೊಟ್ಟಳು: "ಹಂಗಾದ್ರೆ ಮನೆಗೆಲ್ಲಾ ಬರೀ ಕಿಟಕಿನೇ ಇಡಿಸ್ಕೊಳಿ ಬುದ್ಧಿ. ಪುಕ್ಕಟೆ ಆಯ್ತದೆ."

ಒಳಗಿನಿಂದ ಅತ್ತೆ ನಕ್ಕಿದ್ದು ಬೀದಿಗೆ ಕೇಳಿಸಿತು. ಮಾವನನ್ನು ಮಾತಿನಲ್ಲಿ ಕೆಡವಿದವರನ್ನು ನಾನು ಕಂಡದ್ದು ಅದೇ ಮೊದಲು. ಎರಡು ಕಿಟಕಿಗೂ ಒಪ್ಪಿದರು.

ಆ ಸೋಲಿನ ಸೇಡನ್ನು ಮೆಟ್ಟಿಲ ಮೇಲೆ ತೀರಿಸಿಕೊಂಡರು. ತಾರಸಿಗೆ ಹತ್ತಲು ಮೇಸ್ತ್ರಿ ಹೇಳಿದ್ದಕ್ಕಿಂತ ಮೂರು ಮೆಟ್ಟಿಲು ಕಡಿಮೆ ಮಾಡಲೇಬೇಕೆಂದು ಹಟ. ಅವನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಬಿಟ್ಟ ಮೆಟ್ಟಿಲುಗಳ ಎತ್ತರ ಎಲ್ಲಿಗೆ ಹೋಗಬೇಕು? ಅಷ್ಟೂ ಕೊನೆಯ ಮೆಟ್ಟಿಲಿಗೆ ಸೇರಿಕೊಂಡು ಅದು ಸೊಂಟದೆತ್ತರ ನಿಂತಿತು. ಸಂಡಿಗೆ ಒಣಹಾಕಲು ಹೋದ ಅತ್ತೆ ಅಲ್ಲಿಂದಲೇ ಮೊರವನ್ನು ಮೇಲಕ್ಕೆ ತಳ್ಳಿ ಹಿಂದಿರುಗುತ್ತಿದ್ದರು. ಅದನ್ನು ಹತ್ತಬಹುದೆಂದು ತೋರಿಸಲು ಹೋದ ಮಾವ ಪಂಚೆ ಹರಿದುಕೊಂಡು ಬೋರಲು ಬಿದ್ದರು. ಬಿದ್ದಲ್ಲಿಂದಲೇ, ಮೆಟ್ಟಿಲು ಸರಿಯಾಗಿದೆ, ಪಂಚೆಯದೇ ತಪ್ಪು ಎಂದರು.

ಹೊಸ ತಾರಸಿ ಒಣಗದಂತೆ ಅದರ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಕಾಗಿತ್ತು. ಅದು ರಾಜಮ್ಮನ ಕೆಲಸ. ಬೆಳಿಗ್ಗೆ, ಸಂಜೆ ಬಂದು ಬಾವಿಯಿಂದ ನೀರು ಸೇದುತ್ತಿದ್ದಳು. ಮಾವ ಕೆಳಗೆ ನಿಂತು ನೀರಿನಲ್ಲೂ ಚೌಕಾಸಿ ಮಾಡುತ್ತಿದ್ದರು. ತಾರಸಿಗೇನು ಅಷ್ಟೊಂದು ದಾಹವೇ ಎಂದು ಅವರು ಕೇಳಿದರೆ, ನೀವು ಕಾಫಿ ಎಷ್ಟು ಸಲ ಕುಡಿಯುತ್ತೀರಿ ಎಂದು ಅವಳು ಕೇಳುತ್ತಿದ್ದಳು. ಅತ್ತೆ ಇಬ್ಬರಿಗೂ ಕಾಫಿ ಕೊಟ್ಟು ಜಗಳ ಬಿಡಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಮನೆ ಸೋರಲಿಲ್ಲ, ಆದರೆ ಮಾವನಿಗೆ ಏನೂ ರುಚಿಸಲಿಲ್ಲ. ಇಲ್ಲದ ಬಿರುಕು ಕಂಡುಹಿಡಿದು ಅಪ್ಪ ಮಗಳನ್ನು ಕರೆಸುತ್ತಿದ್ದರು. ರಾಜಮ್ಮ ಗೋಡೆಯ ಮೇಲೆ ಬೆರಳಾಡಿಸಿ, ಇದು ಬಿರುಕಲ್ಲ, ಜೇಡರ ಬಲೆ ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದಳು.

ಒಂದು ದಿನ ಮೇಸ್ತ್ರಿ ಕರೆಯದೆಯೇ ಬಂದ. ನಂದಗುಡಿಯಲ್ಲಿ ಮಗಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಹುಡುಗನ ಅಪ್ಪ ಸೈಕಲ್ಲು, ವಾಚು ಎಂದು ಪಟ್ಟು ಹಿಡಿದಿದ್ದ. ಮೇಸ್ತ್ರಿ ಬಾಗಿಲಲ್ಲೇ ನಿಂತು ಹೇಳಿದ: "ನಿಮ್ ಕೈಗೆ ಸಿಕ್ಕಿ ನಾನು ಪಟ್ಟ ಪಾಡು ನನಗೇ ಗೊತ್ತು ಬುದ್ಧಿ. ಅದಕ್ಕೇ ಬಂದೆ. ನೀವೇ ಬಂದು ಮಾತಾಡ್ಬೇಕು."

ಮಾವನ ಜೀವಮಾನದಲ್ಲಿ ಅವರಿಗೆ ಸಿಕ್ಕ ದೊಡ್ಡ ಬಿರುದು ಅದು! ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಸಾಕ್ಷಿಗೆ ನನ್ನನ್ನೂ ಕರೆದುಕೊಂಡು ಮೇಸ್ತ್ರಿಯ ಜೊತೆ ನಂದಗುಡಿಗೆ ಹೊರಟರು. ಹುಡುಗನ ಅಪ್ಪ ಜಾತ್ರೆಗಳಲ್ಲಿ ದನದ ವ್ಯಾಪಾರ ಮಾಡಿದವನು; ಅಲ್ಲೂ ಇದೇ ಬೆರಳಿನ ಲೆಕ್ಕ. ಮಾವ ಟವೆಲ್ಲು ಹಾಸುತ್ತಲೇ ನಗುತ್ತಾ ಕೈ ಕೊಟ್ಟ. ಇಬ್ಬರು ಮುದುಕರು ಮಾತಿಲ್ಲದೆ ಕೈ ಕೈ ಹಿಡಿದು ಕೂತರು. ಒಮ್ಮೆ ಇವರ ಹುಬ್ಬು ಏರಿತು, ಒಮ್ಮೆ ಅವನದು. ಟವೆಲ್ಲು ತೆಗೆದಾಗ ಸೈಕಲ್ಲೂ ಇರಲಿಲ್ಲ, ವಾಚೂ ಇರಲಿಲ್ಲ. ಗಂಡಿಗೆ ಪಂಚೆ, ಶಲ್ಯ ಮಾತ್ರ ಉಳಿದಿತ್ತು.

ಆದರೆ ಮದುವೆ ಹೆಣ್ಣಿನ ಮನೆಯಲ್ಲೇ ಆಗಬೇಕು ಎಂದ ಹುಡುಗನ ಅಪ್ಪ. ಮೇಸ್ತ್ರಿ ಇದ್ದದ್ದು ಊರಾಚೆ ಒಂದು ಗುಡಿಸಲಿನಲ್ಲಿ. ಅವನು ಬಾಯಿ ತೆರೆಯುವುದರೊಳಗೆ ಮಾವ, "ನಮ್ಮ ಮನೆ ಮುಂದೆ ಚಪ್ಪರ ಹಾಕ್ತೀವಿ" ಎಂದುಬಿಟ್ಟರು.

ನೆಂಟರು ಬಂದು ಗಾರೆಯವರ ಮದುವೆ ನಮ್ಮ ಮನೆ ಮುಂದೆಯೇ ಎಂದು ಮೂಗು ಮುರಿದರು. ಅದೇ ನೆಂಟರು ಹಿಂದಿನ ತಿಂಗಳು ಹೊಸ ತಾರಸಿಯ ಕೆಳಗೆ ಕೂತು ಹೋಳಿಗೆ ತಿಂದು ಹೋಗಿದ್ದರು. ಮನೆ ಕಟ್ಟಿದವಳು ಮನೆ ಮುಂದೆ ಮದುವೆಯಾಗಬಾರದೇ ಎಂದು ಮಾವ ಕೇಳಿದರು. ಅತ್ತೆ ಅಟ್ಟದಿಂದ ದೊಡ್ಡ ಹಂಡೆಗಳನ್ನು ಇಳಿಸಿಕೊಂಡರು.

ಮದುವೆ ಚೆನ್ನಾಗಿ ಆಯಿತು. ಊಟ ಮುಗಿದ ಮೇಲೆ ಹುಡುಗನ ಅಪ್ಪ, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇವೆ ಎಂದ. ಮಾವ ಎದ್ದು ನಿಂತರು.

"ಹುಡುಗೀನ ಎಂಟು ದಿನ ಬಿಟ್ಟು ಕಳಿಸ್ತೀವಿ."

"ಆಗಕಿಲ್ಲ ಬುದ್ಧಿ. ಮನೆಗೆ ತುಂಬಿಸ್ಕೋಬೇಕು ಇವತ್ತೇ."

"ನಾಲ್ಕು ದಿನ."

ಅವನು ಆಗದೆಂದು ತಲೆಯಾಡಿಸಿದ.

"ಹೋಗ್ಲಿ, ನಾಳೆ ಬೆಳಿಗ್ಗೆ ತಿಂಡಿ ತಿನ್ಕೊಂಡು ಹೊರಡ್ಲಿ."

ಅವನು ಒಪ್ಪಲಿಲ್ಲ. ಮಾವ ಇಷ್ಟು ಬೇಗ ಇಷ್ಟು ಕೆಳಗೆ ಇಳಿದದ್ದನ್ನು ನಾನು ನೋಡಿರಲಿಲ್ಲ. ಕೋಟಿನ ಗುಂಡಿ ತಿರುವಿದರು. ಆಮೇಲೆ ಹತ್ತಿರವಿದ್ದವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, "ಬಸ್ಸು ಬರೋವರೆಗಾದ್ರೂ ನಮ್ಮ ಜಗಲಿ ಮೇಲೆ ಕೂತಿರ್ಲಿ" ಎಂದರು.

ಅದಕ್ಕೆ ಒಪ್ಪಿಗೆ ಸಿಕ್ಕಿತು. ಮಾವ ರಾಜಮ್ಮನ ಪಕ್ಕದಲ್ಲಿ ಹೋಗಿ ಕೂತರು. ಆ ಕಡೆ ಅತ್ತೆ ಕೂತು, ಅವಳ ಸೆರಗಿನ ತುದಿಯನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು ಮಾಡುತ್ತಿದ್ದರು.

ಯಾವತ್ತೂ ತಡವಾಗಿ ಬರುವ ಬಸ್ಸು ಅಂದು ಹೊತ್ತಿಗೆ ಸರಿಯಾಗಿ ಬಂತು.